ಕುಂಬಾರ ಬೇಡಿದ ದಿನ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯುದ್ಧದಿಂದ ಮರಳಿದವರಿಗೆಂದು ನಾಡೆಲ್ಲ ವರ್ಷಕ್ಕೊಂದು ದಿನ ಆಚರಿಸುತ್ತದಲ್ಲ, ಆ ದಿನ ಹೇಗೆ ಹುಟ್ಟಿತು?”

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಬಾಲ್ಯದ ಗೆಳೆಯ ರಾಜನ ದಂಡು ಸೇರಿ ಯುದ್ಧಕ್ಕೆ ಹೋದ. ಒಂಬತ್ತು ವರ್ಷದ ಮೇಲೆ ಗೆದ್ದು ಬಂದ. ಊರು ಆರತಿ ಎತ್ತಿ ಬರಮಾಡಿಕೊಂಡಿತು.

ಒಂದು ದಿನ ಸೈನಿಕ ಬಂದು, ಮಡಕೆ ಮಾಡುತ್ತಿದ್ದ ಕುಂಬಾರನ ತಿಗರಿಯ ಪಕ್ಕ ಕುಳಿತ. “ನಿನಗೊಂದು ಮಾತು ಹೇಳಬೇಕು. ಯುದ್ಧದಲ್ಲಿ ಆ ಹೊಳೆ ದಾಟುವಾಗ…” ಎಂದ.

ಗೆಳೆಯನ ಮುಖ ನೋಡಿ ಕುಂಬಾರನಿಗೆ ಭಯವಾಯಿತು. “ಆ ಸಂಕಟವೆಲ್ಲ ಈಗ ಯಾಕೋ? ಗೆದ್ದು ಬಂದಿದ್ದೀಯ. ಉಂಡುಟ್ಟು ಸುಖವಾಗಿರು” ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ.

ಸೈನಿಕ ಮತ್ತೊಮ್ಮೆ ಬಂದ. ಅಂದು ಆವಿಗೆಗೆ ಬೆಂಕಿ ಹಾಕುವ ದಿನ. ಮಡಕೆಗಳನ್ನೆಲ್ಲ ಒಳಗೆ ಜೋಡಿಸಬೇಕಿತ್ತು. “ನಾಳೆ ಬಾ” ಎಂದ ಕುಂಬಾರ. ಅವನು ಮರುದಿನ ಬರಲಿಲ್ಲ. ಆಮೇಲೆ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಆ ವರ್ಷವೇ ಜ್ವರ ಬಂದು ತೀರಿಕೊಂಡ.

ತಿಥಿ ಮುಗಿದ ಮೇಲೆ ಅವನ ಹೆಂಡತಿ ಕುಂಬಾರನ ಮನೆಗೆ ಬಂದಳು. “ಅಣ್ಣಾ, ಅವರು ನಿದ್ದೆಯಲ್ಲಿ ಹೊಳೆ, ಹೊಳೆ ಎಂದು ಬೆಚ್ಚಿ ಏಳುತ್ತಿದ್ದರು. ಏನೆಂದು ಕೇಳಿದರೆ, ‘ಆ ನೋವು ನಿನಗೆ ಬೇಡ, ಗೆಳೆಯನಿಗೆ ಹೇಳಿದ್ದೇನೆ’ ಅನ್ನುತ್ತಿದ್ದರು. ಅಲ್ಲಿ ಏನಾಗಿತ್ತು?”

‘ನನಗೆ ಹೇಳಲಿಲ್ಲ’ ಎಂದರೆ ಸತ್ತವನು ಸುಳ್ಳುಗಾರನಾಗುತ್ತಾನೆ. ‘ಅವನು ಹೇಳಬಂದಾಗ ನಾನು ಕೇಳಲಿಲ್ಲ’ ಎನ್ನಲು ಕುಂಬಾರನಿಗೆ ಬಾಯಿ ಬರಲಿಲ್ಲ. ಅವಳು ಹೊರಟುಹೋದಳು.

ಎದೆಯ ಉರಿ ತಾಳಲಾರದೆ ಕುಂಬಾರ ರಾಜಧಾನಿಗೆ ನಡೆದು ಹೋದ. ನಡೆದದ್ದನ್ನೆಲ್ಲ ರಾಜನಿಗೆ ಹೇಳಿ, “ಒಡೆಯಾ, ವರ್ಷಕ್ಕೊಂದು ದಿನ ಕೊಡಿ. ಅಂದು ಯುದ್ಧದಿಂದ ಬಂದವರು ಮಾತಾಡಲಿ, ಉಳಿದವರು ಕೈಕೆಲಸ ಬಿಟ್ಟು ಕೇಳಲಿ” ಎಂದು ಬೇಡಿದ. ರಾಜ ಒಪ್ಪಿದ. ಮೊದಲ ವರ್ಷ ತಾನೂ ನೆಲದ ಮೇಲೆ ಕುಳಿತು ಸಂಜೆಯವರೆಗೆ ಕೇಳಿದ.

ಆ ರಾಜ ಹೋದ, ಮಗ ಪಟ್ಟಕ್ಕೆ ಬಂದ. ದಿನಕ್ಕೆ ಶೋಭೆ ಇರಲಿ ಎಂದು ನಗಾರಿ ಸೇರಿತು. ಆಮೇಲೆ ಶಾಲು, ಮಂತ್ರಿಗಳ ಭಾಷಣ. ಮುದುಕನಾಗಿದ್ದ ಕುಂಬಾರ ಒಂದು ವರ್ಷ ನೋಡಲು ಹೋದ. ಕುಂಟುತ್ತಿದ್ದ ಸೈನಿಕನೊಬ್ಬನಿಗೆ ಶಾಲು ಹೊದಿಸಿದರು. ಅವನು ಏನನ್ನೋ ಹೇಳಲು ಬಾಯಿ ತೆರೆದ. ನಗಾರಿ ಮೊಳಗಿತು. ಕುಂಬಾರ ಜನರನ್ನು ಸರಿಸಿಕೊಂಡು ಅವನತ್ತ ಹೋಗುವಷ್ಟರಲ್ಲಿ ಮೆರವಣಿಗೆ ಅವನನ್ನು ಕರೆದುಕೊಂಡು ಹೋಗಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, “ಆ ಹೊಳೆಯಲ್ಲಿ ಏನಾಗಿತ್ತು, ಗುರುಗಳೇ?” ಎಂದ.

ಗುರುಗಳೆಂದರು: “ಕೇಳಬೇಕಾದವನು ಕೇಳಲಿಲ್ಲವಲ್ಲ ಮಗು, ಇನ್ನು ನೀನು ಯಾರನ್ನು ಕೇಳುತ್ತೀ?”