ಗೋಡೆಯಾಚೆಯ ಡ್ರೈವ್

“ಗುರುಗಳೇ, ನನ್ನ ಅಕ್ಕ ನನ್ನೊಡನೆ ಮಾತು ಬಿಟ್ಟು ಮೂರು ವರ್ಷವಾಯಿತು. ಅವಳ ಮೇಲಿದ್ದ ಸಿಟ್ಟನ್ನು ನಾನು ಧ್ಯಾನದಿಂದ ಕಳೆದುಕೊಂಡಿದ್ದೇನೆ. ಅವಳಿಗೆ ಒಳ್ಳೆಯದಾಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಆದರೂ ಅವಳು ಕರಗಲಿಲ್ಲ. ನನ್ನಲ್ಲಿ ಇನ್ನು ಏನನ್ನು ಸರಿಪಡಿಸಿಕೊಳ್ಳಲಿ?” ಎಂದು ಶಿಷ್ಯ ಚಿದಂಬರ ಕೇಳಿದ.

ಗುರುಗಳು ಹೇಳತೊಡಗಿದರು.

ಒಬ್ಬ ಹೆಂಗಸು ಮನೆಯಲ್ಲೇ ರವಿಕೆಗಳಿಗೆ ಮೆಷಿನ್ ಕಸೂತಿ ಹಾಕುತ್ತಿದ್ದಳು. ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಕಸೂತಿಯ ಡಿಸೈನುಗಳೆಲ್ಲ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿದ್ದವು. ಅಲ್ಲಿ ಅವಳ ಸೊಸೆ ಕೂರುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅತ್ತೆ. ಮನೆಯ ನೆಟ್‌ವರ್ಕಿನಿಂದ ಆ ಡಿಸೈನುಗಳು ಅತ್ತೆಯ ಕಂಪ್ಯೂಟರಿನಲ್ಲಿ ಒಂದು ಡ್ರೈವ್ ಆಗಿ ಕಾಣುತ್ತಿದ್ದವು. ಬೇಕಾದದ್ದನ್ನು ಕೂತಲ್ಲಿಂದಲೇ ತೆಗೆದುಕೊಳ್ಳುತ್ತಿದ್ದಳು.

ಒಮ್ಮೆ ಸೊಸೆ ಗಿರಾಕಿಯ ಎದುರು, “ಅತ್ತೆಯ ಡಿಸೈನ್ ಚೆನ್ನಾಗಿದೆ, ಸ್ವಲ್ಪ ಹಳೇ ಕಾಲದ್ದು ಅಷ್ಟೇ” ಎಂದಳು. ಅಂದಿನಿಂದ ಅತ್ತೆ ಮುಂದಿನ ಕೋಣೆಗೆ ಕಾಲಿಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಡ್ರೈವಿನ ಮೇಲೆ ಕೆಂಪು ಇಂಟು ಗುರುತು ಕಂಡಿತು. ಎಷ್ಟು ಒತ್ತಿದರೂ ಅದು ತೆರೆಯಲಿಲ್ಲ. ಮರುದಿನ ಮದುವೆ ಹೆಣ್ಣಿನ ರವಿಕೆ ಕೊಡಬೇಕಿತ್ತು. ಎರಡು ತೋಳುಗಳೂ ಮುಗಿದಿದ್ದವು. ಬೆನ್ನಿಗೆ ಹಾಕಬೇಕಾದ ನವಿಲು ಆ ಡ್ರೈವಿನಲ್ಲಿತ್ತು.

ಅವಳು ಕೈಕಟ್ಟಿ ಕೂರುವವಳಲ್ಲ. ಕಂಪ್ಯೂಟರನ್ನು ಮೂರು ಸಲ ಆರಿಸಿ ಹಾಕಿದಳು. ವೈಫೈ ಡಬ್ಬಿಯನ್ನು ಆರಿಸಿ, ಸೆರಗಿನಿಂದ ಒರೆಸಿ, ಮತ್ತೆ ಹಾಕಿದಳು. ವೈರು ಬದಲಿಸಿದಳು. ಡ್ರೈವನ್ನೇ ತೆಗೆದು ಹೊಸದಾಗಿ ಜೋಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಡೆ ಸರಿ ಮಾಡಲು ಏನೂ ಉಳಿದಿರಲಿಲ್ಲ. ಡ್ರೈವ್ ಮಾತ್ರ ತೆರೆದಿರಲಿಲ್ಲ. ರಿಪೇರಿಯವನನ್ನು ಕರೆಸಿದಳು.

ಅವನು ನೋಡಿ ಹೇಳಿದ, “ಅಮ್ಮಾ, ಇದೂ ಚೆನ್ನಾಗಿದೆ, ಅದೂ ಚೆನ್ನಾಗಿದೆ. ಅಲ್ಲಿ ಪಾಸ್‌ವರ್ಡ್ ಬದಲಾಗಿದೆ. ನಿಮ್ಮದು ಹಳೆಯದನ್ನೇ ನೆನಪಿಟ್ಟುಕೊಂಡು, ನಿಮ್ಮನ್ನೂ ಕೇಳದೆ, ಅದನ್ನೇ ಹೇಳುತ್ತಾ ಕೂತಿದೆ. ಆ ನೆನಪನ್ನು ನಾನು ಅಳಿಸುತ್ತೇನೆ. ನೀವು ಹೊಸದನ್ನು ಕೇಳಿಕೊಂಡು ಬನ್ನಿ.”

“ಬೇಕೆಂದೇ ಬದಲಿಸಿದ್ದಾಳೆ. ಅವಳನ್ನು ಕೇಳದೆ ಸರಿ ಮಾಡಲು ಆಗುವುದಿಲ್ಲವೇ?”

“ಬೆಳಿಗ್ಗೆಯಿಂದ ನೀವು ಮಾಡಿದ್ದು ಅದನ್ನೇ ಅಲ್ಲವೇ, ಅಮ್ಮಾ?”

ಅವಳು ಮುಗಿಯದ ರವಿಕೆಯನ್ನು ನೋಡಿದಳು. ಎದ್ದು ಹೋಗಿ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಪಾಸ್‌ವರ್ಡ್ ಕೇಳಿದಳು.

ಸೊಸೆ ಮೇಜಿನ ಮೇಲಿದ್ದ ಚೀಟಿಯನ್ನು ಕೊಟ್ಟಳು. ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ದಪ್ಪಗೆ ಬರೆದಿದ್ದಳು. “ಪಕ್ಕದ ಮನೆ ಮಕ್ಕಳು ಆಟವಾಡಲು ಬಂದು ನಿಮ್ಮ ಡಿಸೈನುಗಳನ್ನು ಅಳಿಸಲು ಹೊರಟಿದ್ದರು, ಅತ್ತೆ. ಅದಕ್ಕೇ ಬದಲಿಸಿದೆ. ಈ ಕಡೆ ಬರುತ್ತೀರಿ, ಆಗ ಕೊಡೋಣ ಎಂದುಕೊಂಡಿದ್ದೆ.”

“ನನ್ನ ಕೋಣೆಗೆ ಬರಲು ನಿನಗೂ ಇದ್ದದ್ದು ಅದೇ ನಾಲ್ಕು ಹೆಜ್ಜೆ.”

“ನೀವು ಬಾಗಿಲು ಹಾಕಿಕೊಂಡಿದ್ದಿರಿ.”

ಅತ್ತೆ ಚೀಟಿ ಹಿಡಿದು ಹಿಂದಿರುಗಿದಳು. ಡ್ರೈವ್ ತೆರೆಯಿತು. ಸಂಜೆಯೊಳಗೆ ನವಿಲು ರವಿಕೆಯ ಬೆನ್ನಿಗೆ ಬಂತು.

ಗುರುಗಳು ಕತೆ ನಿಲ್ಲಿಸಿದರು. ಚಿದಂಬರ ತಲೆಬಾಗಿದ.

“ತಿಳಿಯಿತು ಗುರುಗಳೇ. ನಾಳೆಯಿಂದ ಧ್ಯಾನಕ್ಕೆ ಕೂತಾಗ ಅಕ್ಕನ ಮನೆಯ ಬಾಗಿಲನ್ನೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತೇನೆ.”

“ಅವಳ ಊರಿಗೆ ಹತ್ತೂವರೆಗೆ ಒಂದು ಬಸ್ಸಿದೆ” ಎಂದರು ಗುರುಗಳು.