ಮಳೆಗೆ ಕಾಲು ತೊಳೆಯಲು ನೀರು ಕೊಟ್ಟ ಊರು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಿದವರನ್ನು ಎಬ್ಬಿಸಿ ಹಿಂದೆ ಕೂರಿಸುತ್ತೇನೆ, ನೆಟ್ಟಗಪ್ಪ ಅಂತ ಒಬ್ಬ ದೊರೆ ಇದ್ದ. ಸರಿ, ಕೇಳೇಬಿಟ್ಟಿರಿ. ಊರಿನ ಹೆಸರು ಸೊಟ್ಟಗುಂಡಿ.

ಈ ದೊರೆಗೆ ಸೊಟ್ಟ ಅಂದರೆ ಮೈಯೆಲ್ಲ ಉರಿ. ಜಿಲೇಬಿಯನ್ನು ನೆಟ್ಟಗೆ ಮಾಡಿಸಿಕೊಂಡು ತಿನ್ನುತ್ತಿದ್ದ. ಅವನು ಬೀದಿಗೆ ಬಂದರೆ ನಾಯಿಗಳೆಲ್ಲ ಬಾಲದ ಮೇಲೆ ಕೂತುಬಿಡುತ್ತಿದ್ದವು.

ಒಂದು ದಿನ ಅವನು ಊರಿನ ನಕ್ಷೆ ಬಿಡಿಸಲು ಕೂತ. ಗುಡ್ಡದ ಮರಗಳು ಸಾಲಾಗಿ ನಿಂತಿರಲಿಲ್ಲ. ಕಡಿಸಿದ. ಹಳ್ಳ ಬಾಗಿ ಬಾಗಿ ಹರಿಯುತ್ತಿತ್ತು. ಮುಚ್ಚಿಸಿದ. ಕೆರೆಯ ದಂಡೆಯಂತೂ ಎತ್ತ ನೋಡಿದರೂ ಸೊಟ್ಟ. ಬೆರಳಿಗೆ ಉಗುಳು ಹಚ್ಚಿ ನಕ್ಷೆಯಿಂದ ಅದನ್ನು ಒರೆಸಿಬಿಟ್ಟ. ಕೆರೆ ಹೋಯಿತು. ಆ ಜಾಗದಲ್ಲಿ ಸಾಲು ಸಾಲು ಮನೆ ಕಟ್ಟಿಸಿ, ನಟ್ಟನಡುವೆ ಅರಮನೆ ಇಟ್ಟ. ಕೊನೆಯ ಸಾಲಿನ ಕೊನೆಯ ಮನೆ ನಿಂಬೆವ್ವ ಎಂಬ ಮುದುಕಿಯದು. ಮನೆಯಲ್ಲಿ ಅವಳು, ಅವಳ ಒಲೆ, ತೊಟ್ಟಿಲಲ್ಲಿ ತಾಯಿಯಿಲ್ಲದ ಮೊಮ್ಮಗಳು. ಅಷ್ಟೇ.

ಮರ ಹೋದ ಮೇಲೆ ಊರು ಕಾದ ಹೆಂಚಾಯಿತು. ಮೊದಲೆಲ್ಲ ಮಳೆ ಗುಡ್ಡದ ಮರಗಳ ಕೆಳಗೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಆರಾಮಾಗಿ ಇಳಿದು ಬರುತ್ತಿತ್ತು. ಈಗ ಕೂರೋಣವೆಂದರೆ ನೆರಳಿಲ್ಲ, ನಿಲ್ಲೋಣವೆಂದರೆ ಕಾಲು ಸುಡುತ್ತದೆ. ಹಾಗಾಗಿ ವರ್ಷದ ಮಳೆಯೆಲ್ಲ ಒಂದೇ ಸಂಜೆ ಗಂಟುಮೂಟೆ ಕಟ್ಟಿಕೊಂಡು ಓಡಿ ಬಂತು. ಮಲಗಲು ಕೆರೆ ಹುಡುಕಿತು. ಕೆರೆ ಇಲ್ಲ. ನಿಂಬೆವ್ವನ ಬಾಗಿಲು ಬಡಿಯಿತು.

"ಯವ್ವಾ, ದಣದ ಬಂದೀನಿ. ಎಲ್ಲಿ ಮಲಗ್ಲಿ?"

ಸೊಟ್ಟಗುಂಡಿಯವರು ಏನು ಬಿಟ್ಟರೂ ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದನ್ನು ಬಿಡುವವರಲ್ಲ. ನಿಂಬೆವ್ವ ಒಂದು ತಂಬಿಗೆ ನೀರು ಕೊಟ್ಟಳು. ಮಳೆ ಒಂದು ತಂಬಿಗೆಯಷ್ಟು ದಪ್ಪಗಾಯಿತು. ಪಕ್ಕದ ಮನೆಯವರು ಬಿಟ್ಟಾರೆಯೇ? ಅವರದೊಂದು ಕೊಡ. ಆಚೆ ಮನೆಯವರದು ಒಂದು ಹಂಡೆ. ಮಳೆಗೆ ಇನ್ನೂ ನಾಲ್ಕು ಕಾಲು ಮೂಡಿದವು. ಅವನ್ನೂ ತೊಳೆಯಬೇಕಲ್ಲ! ಕೊಟ್ಟರು.

ಕೊನೆಗೆ ಮಳೆ ನಿಂಬೆವ್ವನ ಒಲೆಯ ಮೇಲೆ ಕೂತಿತು. ಬೆಂಕಿ ಆರಿತು. ಗಂಜಿ ಬೇಯಲಿಲ್ಲ. ಕೂಸು ಅತ್ತು ಅತ್ತು ದನಿಯೇ ಹೋಯಿತು. ನಿಂಬೆವ್ವ ಸೀರೆ ಎತ್ತಿ ಕಟ್ಟಿ, ಕೂಸನ್ನು ಬೆನ್ನಿಗೆ ಬಿಗಿದುಕೊಂಡು ಅರಮನೆಗೆ ನಡೆದಳು.

ದೊರೆ ಸಿಂಹಾಸನದ ಮೇಲೆ ಕಾಲು ಮಡಚಿ ಕೂತಿದ್ದ. ಸಿಂಹಾಸನ ತೇಲುತ್ತಿತ್ತು. ನೆಟ್ಟಗೆ ತೇಲುತ್ತಿತ್ತು.

"ದೊರೀ, ನಮ್ಮ ಒಲಿ ಮ್ಯಾಲ ಮಳಿ ಕುಂತೈತ್ರಿ."

"ನಕ್ಷಾದಾಗ ಮಳಿನ ಇಲ್ಲಬೇ. ಇಲ್ಲದ್ದು ಹೆಂಗ ಕೂಡ್ತೈತಿ?"

"ಕುಂತೈತ್ರಿ. ಕೂಸು ಉಪಾಸ ಐತ್ರಿ."

ದೊರೆ ಗಲ್ಲ ತುರಿಸಿಕೊಂಡ. "ಹಂಗಾದ್ರ ಕೆಳಗಿನೂರಿಗೆ ಕಳಸೂಣ."

ನೆಟ್ಟನೆಯದೊಂದು ಕಾಲುವೆ ತೋಡಿಸಿ ಮಳೆಯನ್ನು ಸಾಗಹಾಕಿದ. ಕೆಳಗಿನೂರಿನವರೂ ಮರ್ಯಾದಸ್ಥರೇ. ಕಾಲಿಗೆ ನೀರು ಕೊಟ್ಟರು. ಬರಿಗೈಯಲ್ಲಿ ಹೇಗೆ ಕಳಿಸುವುದೆಂದು ತಮ್ಮ ಬಾವಿಯನ್ನೇ ಬುತ್ತಿ ಕಟ್ಟಿಕೊಟ್ಟು, ಅದೇ ಕಾಲುವೆಯಲ್ಲಿ ವಾಪಸು ಕಳಿಸಿದರು. ಅಷ್ಟು ನೆಟ್ಟನೆಯ ದಾರಿಗೆ ಹೋಗುವುದೂ ಒಂದೇ, ಬರುವುದೂ ಒಂದೇ. ಈಗ ಮಳೆ ಎದೆಮಟ್ಟ. ದೊರೆ ಸ್ವಾಗತಕ್ಕೆ ಹಂಡೆ ತರಲು ಹೇಳಿದ.

"ತಡೀರಿ!" ನಿಂಬೆವ್ವ ಹಂಡೆಗೆ ಅಡ್ಡ ನಿಂತಳು. "ಬೀಗರು ಬಂದ್ರ ನೀರು ಕೊಡಬೇಕ್ರಿ. ಇದೇನ್ ಬೀಗರ ಪೈಕಿ ಏನ್ರಿ? ವರ್ಸಾ ಬರ್ತೈತಿ, ಇಲ್ಲೇ ಮಲಗ್ತೈತಿ. ಇದು ಮನೀ ಮಂದಿ. ಮನೀ ಮಂದಿಗೆ ಉಪಚಾರ ಬ್ಯಾಡ, ಜಾಗಾ ಬೇಕು."

"ಜಾಗಾ ಎಲ್ಲೈತಿ?"

"ನೀವು ತೇಲಾಕ ಹತ್ತೀರಲ್ರಿ, ಅಲ್ಲೇ."

"ನಿನ್ನ ಮನಿನೂ ಇಲ್ಲೇ ಐತಲ್ಲಬೇ?"

"ಐತ್ರಿ. ಮೊದಲ ಅದನ್ನ ಎಬ್ಬಸ್ತೀನಿ."

ಹೇಳಿಬಿಟ್ಟಳು, ಆದರೆ ಮನೆಯೊಳಗೆ ಕಾಲಿಟ್ಟಾಗ ಅಳು ಬಂತು. ಮಗಳು ಹೆತ್ತದ್ದು ಆ ಮೂಲೆಯಲ್ಲಿ. ಮಗಳು ಕಣ್ಣು ಮುಚ್ಚಿದ್ದೂ ಅಲ್ಲೇ. ನಿಂಬೆವ್ವ ಗೋಡೆ ಸವರಿ ಅತ್ತಳು. ಮಳೆ ಅಷ್ಟರಮಟ್ಟಿಗೆ ಇನ್ನೂ ದಪ್ಪಗಾಯಿತು. ಅಳು ನಿಲ್ಲುವುದನ್ನು ಅವಳು ಕಾಯಲಿಲ್ಲ. ನೀರಿಗೆ ಕೈಹಾಕಿ ಒಲೆ ಕಿತ್ತಳು, ತಲೆಯ ಮೇಲಿಟ್ಟುಕೊಂಡಳು, ಗುಡ್ಡದ ಕಡೆ ನಡೆದಳು.

ಒಲೆ ಹೊರಟ ಮೇಲೆ ಮನೆಗೆ ಅಲ್ಲೇನು ಕೆಲಸ? ಅದು ಕೆಮ್ಮಿತು. ಕಂಬಗಳನ್ನು ಕೊಡವಿಕೊಂಡು ಎದ್ದಿತು. "ಒಲೆ ಎಲ್ಲಿ, ಒಲೆ ಎಲ್ಲಿ" ಅನ್ನುತ್ತಾ ಅವಳ ಹಿಂದೆ ಹೊರಟಿತು. ಅದನ್ನು ಕಂಡು ಊರವರೂ ಒಲೆ ಎತ್ತಿದರು. ಬೀದಿಗೆ ಬೀದಿಯೇ ಎದ್ದು ನಡೆಯಿತು.

ಅರಮನೆ ಮಾತ್ರ ಏಳಲಿಲ್ಲ. ಅದರ ಒಲೆ ಹೊರಲು ದೊರೆಯ ಹೊರತು ಯಾರೂ ಉಳಿದಿರಲಿಲ್ಲ. ಪಾಪ, ಹೊತ್ತ. ಗುಡ್ಡವನ್ನು ನೆಟ್ಟಗೆ ಹತ್ತಲು ಹೋದ. ಜಾರಿದ. ಮತ್ತೆ ನೆಟ್ಟಗೆ ಹತ್ತಿದ. ಮತ್ತೆ ಜಾರಿದ.

"ಸೊಟ್ಟ ಹತ್ರಿ, ದೊರೀ! ಸೊಟ್ಟ!" ಮೇಲಿನಿಂದ ನಿಂಬೆವ್ವ ಕೂಗಿದಳು.

ದೊರೆ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಸೊಟ್ಟಗೆ ಹತ್ತಿದ. ಅರಮನೆ ಗೊಣಗುತ್ತಾ ಹಿಂಬಾಲಿಸಿತು.

ಮಳೆ ತನ್ನ ಹಳೆಯ ಹಾಸಿಗೆ ನೋಡಿ, ಉಸ್ಸಪ್ಪಾ ಅಂತ ಮಲಗಿತು. ಕೆಳಗಿನೂರಿನ ಬಾವಿಯನ್ನು ವಾಪಸು ಕೊಟ್ಟಿತು. ಗುಡ್ಡದ ಮೇಲೆ ನಿಂಬೆವ್ವನ ಒಲೆ ಹೊತ್ತಿತು, ಕೂಸು ಗಂಜಿ ಕುಡಿಯಿತು. ದೊರೆ ಕೆಳಗಿನೂರಿನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊಸ ನಕ್ಷೆ ಬಿಡಿಸಿದ. ಮೊದಲು ಬಿಡಿಸಿದ್ದು ಮಳೆಯ ಹಾಸಿಗೆ. ಆಮೇಲೆ ಹಳ್ಳ, ಆಮೇಲೆ ಗುಡ್ಡದ ಗಿಡಗಳು, ಎಲ್ಲ ಸೊಟ್ಟ. ಮಿಕ್ಕ ಜಾಗದಲ್ಲಿ ಜನ.

ನೀತಿ ಬೇಕೇ? ತಗೊಳ್ಳಿ: ಮನೆ ಕಟ್ಟುವ ಮೊದಲು, ಇಲ್ಲಿ ಯಾರು ಮಲಗುತ್ತಾರೆ ಅಂತ ಕೇಳಿಕೊಳ್ಳಿ.

ಅವರು ಗುಡ್ಡದ ಮೇಲೆ, ಮಳೆ ಹಾಸಿಗೆಯಲ್ಲಿ, ನಾವು ಇಲ್ಲಿ. ಏನ್ರಪ್ಪಾ, ಎಲ್ಲರೂ ಕಾಲು ಯಾಕೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೀರಿ? ಒದ್ದೆಯಾಯಿತೇ? ಆ ತಂಬಿಗೆ ಕೆಳಗಿಡಿ. ಒಲೆ ಎತ್ತಿ.