ವಾಲ್ವಮ್ಮನಿಗೆ ಕಿವಿ ಬಂತು

ವಿಮಾನಕ್ಕೆ ಎಣ್ಣೆ ಕುಡಿಸುವ ಲಾರಿಯಲ್ಲಿ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವಮ್ಮ ಇದ್ದಳು. ಒತ್ತಡ ಹೆಚ್ಚಿ ವಿಮಾನದ ಹೊಟ್ಟೆ ಒಡೆಯದಂತೆ ಕಾಯುವುದು ಅವಳ ಕೆಲಸ. ಆದರೆ ತನ್ನ ಬಾಗಿಲಲ್ಲಿ ಎಣ್ಣೆ ತುಸು ಗದ್ದಲ ಮಾಡಿದರೂ ಸಾಕು, ಆಚೆ ಹೊಟ್ಟೆ ತುಂಬಿತೆಂದುಕೊಂಡು ಅರ್ಧ ಮುಚ್ಚಿಬಿಡುವಳು. ವಿಮಾನ ಹೊರಡುವುದು ದಿನಾ ತಡ.

"ನಾನು ನದಿಯನ್ನೇ ಹರಿಸೋ ಗಂಡಸು ಕಣ್ರೀ. ಇವಳೇ ನನ್ನ ಕತ್ತು ಹಿಸುಕೋದು. ಗುಜರಿಗೆ ಹಾಕಿ!" ಎಂದು ಅದೇ ಲಾರಿಯಲ್ಲಿ ಎಣ್ಣೆ ತಳ್ಳುವ ಪಂಪಣ್ಣ ನಿಲ್ದಾಣವೆಲ್ಲ ಸಾರಿದ.

ಆದರೆ ಮೆಕ್ಯಾನಿಕ್ ವಾಲ್ವಮ್ಮನನ್ನು ಬಿಸಾಡಲಿಲ್ಲ. ವಿಮಾನದ ಬಾಯಿಯವರೆಗೆ ಸಣ್ಣ ನಳಿಕೆ ಎಳೆದು, ಅಲ್ಲಿನ ಒತ್ತಡ ನೇರ ಕೇಳಿಸುವಂತೆ ಅವಳಿಗೊಂದು ಕಿವಿ ಮಾಡಿಕೊಟ್ಟ.

"ತುಂಬಿತೇನವ್ವಾ?" ಎಂದು ವಾಲ್ವಮ್ಮ ವಿಮಾನವನ್ನು ಕೇಳಿದಳು.

"ಎಲ್ಲಿ ತುಂಬಿತು? ಸುರಿಯೇ!" ಎಂದಿತು ವಿಮಾನ.

ವಾಲ್ವಮ್ಮ ಬಾಗಿಲು ಪೂರ್ತಿ ತೆರೆದಳು. ಅಷ್ಟು ಎಣ್ಣೆ ತಳ್ಳಲಾರದೆ ಪಂಪಣ್ಣ ಏದುಸಿರು ಬಿಟ್ಟ: "ತಾಯಿ, ಒಂಚೂರು ಮುಚ್ಚೇ!"

"ಯಾಕಣ್ಣಾ, ನದಿ ಬತ್ತಿತೇ?"

ಅಂದಿನಿಂದ ಅವಳ ಮೇಲೆ ಚಾಡಿ ಹೇಳಲು ಅವನಿಗೆ ಉಸಿರೇ ಉಳಿಯಲಿಲ್ಲ.